ನಂಬರಕ್ಕನಿಗೆ ಬಂದ ಅನುಮಾನ

“ಒಗೆದ ಬಟ್ಟೇನ ಒಗೆಯೋಕೆ ತಂದಿದೀಯಲ್ಲ, ಯಾರು ಕಳಿಸಿದ್ದು ನಿನ್ನ? ಆಫೀಸಿನವರಾ?”

“ಯಾರೂ ಕಳಿಸಿಲ್ಲ. ನನ್ನ ಬಟ್ಟೆ, ನಾನು ತಂದೆ.”

“ಸುಳ್ಳು ಹೇಳಬೇಡ. ಮೂರು ವಾರದಿಂದ ನೋಡ್ತಾ ಇದೀನಿ. ಕಾಲರಲ್ಲಿ ಬೆವರಿಲ್ಲ, ತೋಳಲ್ಲಿ ಶಾಯಿಯಿಲ್ಲ, ಟವಲು ಗರಿಗರಿ ಅಂತಿದೆ. ವಾರವೆಲ್ಲ ಗಾಜಿನ ಬೀರುವಿನಲ್ಲಿ ಕೂತಿದ್ದೆಯಾ? ನನ್ನ ಪರೀಕ್ಷೆ ಮಾಡ್ತಿದೀಯಾ?”

“ಕೊಟ್ಟದ್ದನ್ನ ಒಗೆಯೋದು ನಿಮ್ಮ ಕೆಲಸ. ಮೂಸೋದಲ್ಲ!”

“ಏ ತೊಂಬತ್ತು! ನಾಲಿಗೆ ಬಿಗಿಹಿಡಿ!”

“ನನ್ನ ಹೆಸರು ತೊಂಬತ್ತಲ್ಲ!”

ಆಗ ಬೆಳಗಿನ ಐದೂವರೆ ಗಂಟೆ. ಹೆಣ್ಣುಮಕ್ಕಳ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿತ್ತು. ಕಾಲೇಜು ಸೇರಿ ಐದು ವಾರವಾಗಿದ್ದ ಹುಡುಗಿ ತನ್ನ ಬಟ್ಟೆಯ ಗಂಟನ್ನು ಕಟ್ಟೆಯ ಮೇಲೆ ಧೊಪ್ಪನೆ ಎಸೆದು, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದಳು. ಕಟ್ಟೆಯ ಈಚೆ ನಿಂತಿದ್ದ ಐವತ್ತಾರು ವರ್ಷದ ಹೆಂಗಸು ಗಂಟನ್ನು ಬಿಚ್ಚಲಿಲ್ಲ. ಹಾವಾಡಿಗ ಬಿಟ್ಟುಹೋದ ಬುಟ್ಟಿಯನ್ನು ನೋಡುವ ಹಾಗೆ ಅದನ್ನೇ ನೋಡುತ್ತ ನಿಂತರು.

ಹಾಸ್ಟೆಲಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ನಂಬರಕ್ಕ ಎಂದು. ಆ ಕಟ್ಟಡದಲ್ಲಿರುವ ಇನ್ನೂರ ಹನ್ನೆರಡು ಹುಡುಗಿಯರ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿ ಕೊಡುವವರು ಅವರೊಬ್ಬರೇ. ಯಾರ ಹೆಸರೂ ಅವರಿಗೆ ನೆನಪಿರುವುದಿಲ್ಲ. ಪ್ರತಿಯೊಬ್ಬಳಿಗೂ ಸೇರಿದ ದಿನವೇ ಒಂದು ನಂಬರು. ಅಂಗಿಯ ಒಳಮಡಿಕೆಯಲ್ಲಿ, ಎಷ್ಟು ಒಗೆದರೂ ಹೋಗದ ಮಸಿಯಲ್ಲಿ ಆ ನಂಬರು ಬರೆದುಬಿಟ್ಟರೆ ಓದು ಮುಗಿಯುವವರೆಗೆ ಅವಳು ಅದೇ. “ನಲವತ್ತೊಂದು, ನಿನ್ನ ಸಾಕ್ಸು ಒಂದೇ ಇದೆ, ಇನ್ನೊಂದು ನಿನ್ನ ಮಂಚದ ಕೆಳಗಿರುತ್ತೆ ನೋಡು” ಎಂದು ಅವರು ಕೂಗಿ ಹೇಳಿದರೆ, ಸಾಕ್ಸು ಅಲ್ಲೇ ಇರುತ್ತದೆ.

ನಂಬರಕ್ಕನ ದಿನ ಐದಕ್ಕೆ ಶುರುವಾಗುತ್ತದೆ. ಬೀಗ ತೆಗೆದವರೇ ದೀಪ ಹಾಕುವುದಿಲ್ಲ. ಕತ್ತಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. ಚರಂಡಿ ಕಟ್ಟಿದ್ದರೆ, ಯಾವುದಾದರೂ ಬಟ್ಟೆ ಹಸಿ ಉಳಿದಿದ್ದರೆ, ಮೂಗಿಗೆ ಮೊದಲು ಗೊತ್ತಾಗುತ್ತದೆ. ಆಮೇಲೆ ದೀಪ. ಆಮೇಲೆ ಎರಡೂ ದೊಡ್ಡ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕಿ ಸುತ್ತಲೂ ಸವರುತ್ತಾರೆ. ನಿನ್ನೆ ಸಂಜೆ ತಾವೇ ಒರೆಸಿಟ್ಟು ಹೋದ ಯಂತ್ರ. ಬೀಗದ ಕೈ ತಮ್ಮ ಸೊಂಟದಲ್ಲೇ ಇದ್ದದ್ದು. ಆದರೂ ಸವರುತ್ತಾರೆ.

“ಪ್ರಪಂಚದಲ್ಲಿ ಇಬ್ಬರನ್ನ ನಂಬಬಾರದು,” ಎನ್ನುತ್ತಾರೆ. “‘ಜೇಬಲ್ಲಿ ಏನಿಲ್ಲ ಅಕ್ಕಾ’ ಅನ್ನೋ ಹುಡುಗೀನ. ‘ಬಣ್ಣ ಬಿಡಲ್ಲ’ ಅಂತ ಬಟ್ಟೆ ಮಾರೋನನ್ನ.”

ದಿನಕ್ಕೆ ಮೂವತ್ತೈದು ಗಂಟು ಬರುತ್ತದೆ. ಗಂಟಿಗೆ ಹನ್ನೊಂದು ಬಟ್ಟೆ, ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅಂದರೆ ದಿನವೊಂದಕ್ಕೆ ನಾನೂರಕ್ಕೆ ಹದಿನೈದು ಕಡಿಮೆ. ಅಷ್ಟರ ಜೇಬನ್ನೂ ನಂಬರಕ್ಕ ಒಳಗಿನದು ಹೊರಗೆ ಮಾಡಿ ನೋಡುತ್ತಾರೆ. ಪೆನ್ನು, ಪಿನ್ನು, ಬಸ್ ಟಿಕೆಟು, ಅರ್ಧ ಕಚ್ಚಿದ ಬಿಸ್ಕತ್ತು, ಒಮ್ಮೆ ಪರೀಕ್ಷೆಗೆ ಕದ್ದು ಒಯ್ಯಲು ಬರೆದಿಟ್ಟಿದ್ದ ಚೀಟಿ. ಚೀಟಿಯನ್ನು ಅವರು ಇಸ್ತ್ರಿ ಮಾಡಿ ಅಂಗಿಯ ಜೊತೆಗೇ ಮಡಿಸಿಟ್ಟು ಕೊಟ್ಟರು. ಆ ಹುಡುಗಿ ಒಂದು ವಾರ ನೆಲಮಾಳಿಗೆಯ ಕಡೆ ತಲೆ ಹಾಕಲಿಲ್ಲ. ಹೊಸ ಬಣ್ಣದ ಬಟ್ಟೆ ಬಂದರೆ ಅಂಚನ್ನು ಒದ್ದೆ ಮಾಡಿ ಬಿಳಿ ಚಿಂದಿಯಿಂದ ಉಜ್ಜುತ್ತಾರೆ. ಚಿಂದಿಗೆ ಬಣ್ಣ ಹತ್ತದಿದ್ದರೂ ನಂಬುವುದಿಲ್ಲ, ಮೊದಲ ಸಲ ಬಕೆಟ್ಟಿನಲ್ಲಿ ಬೇರೆಯಾಗಿಯೇ ನೆನೆಸುತ್ತಾರೆ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ಬೆರಳಿನಿಂದ ಬಂದದ್ದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು ಹದಿನೇಳನೇ ವಯಸ್ಸಿಗೆ ರೈಲಿನ ಹೊದಿಕೆ, ಚಾದರ ಒಗೆಯುವ ದೊಡ್ಡ ಲಾಂಡ್ರಿಗೆ ಸೇರಿದರು. ಮೂರನೇ ತಿಂಗಳು ಯಾರೋ ಪ್ರಯಾಣಿಕರು ಚಾದರದ ಮೂಲೆಯಲ್ಲಿ ಚುಚ್ಚಿಟ್ಟು ಮರೆತಿದ್ದ ದಪ್ಪ ಸೂಜಿ ಎಡಗೈ ತೋರುಬೆರಳಿನ ಗೆಣ್ಣಿಗೆ ಇಳಿಯಿತು. ಬೆರಳು ಇವತ್ತಿಗೂ ಮಡಚುವುದಿಲ್ಲ. ಅವರು ಏನನ್ನೇ ಎತ್ತಿಕೊಂಡರೂ ಆ ಬೆರಳು ಯಾರನ್ನೋ ತೋರಿಸುತ್ತಿರುವಂತೆ ನೆಟ್ಟಗೆ ನಿಂತಿರುತ್ತದೆ. ಉಗಿಯ ನಡುವೆ ಇಪ್ಪತ್ತು ವರ್ಷ ಅಲ್ಲಿ ದುಡಿದು, ಆ ಲಾಂಡ್ರಿ ಮುಚ್ಚಿದಾಗ ಇಲ್ಲಿಗೆ ಬಂದರು. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು.

ಹತ್ತೊಂಬತ್ತು ವರ್ಷದಲ್ಲಿ ಅವರು ಆಫೀಸಿಗೆ ಕೇಳಿದ್ದು ಎರಡೇ ವಸ್ತು. ನೀರು ನಿಲ್ಲದ ಹಾಗೆ ನೆಲವನ್ನು ಸ್ವಲ್ಪ ಇಳಿಜಾರು ಮಾಡಿಸಿ ಎಂದು ಒಂದು. ಕೂರಲು ಒಂದು ಕುರ್ಚಿ ಎಂದು ಇನ್ನೊಂದು. ಕಾಲೇಜಿನ ಮುಂಬಾಗಿಲಿಗೆ ಬಣ್ಣದ ದೀಪದ ಕಾರಂಜಿ ಕಟ್ಟಿಸಿದ ಮಹನೀಯರಿಗೆ ಒಂದು ಕುರ್ಚಿ ಕೆಳಗಿಳಿಸಲು ಒಂಬತ್ತು ವರ್ಷದಿಂದ ಕೈ ಬಂದಿಲ್ಲ. ನಂಬರಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾರೆ. ಮಂಡಿ ಊದಿದೆ. ಸೋಡಾಪುಡಿ, ಬ್ಲೀಚು ತಿಂದ ಅಂಗೈಯಲ್ಲಿ ರೇಖೆಗಳೇ ಇಲ್ಲ. “ಯಾರಾದರೂ ಕೈ ನೋಡಿ ಭವಿಷ್ಯ ಹೇಳ್ತೀನಿ ಅಂದರೆ ಅವನಿಗೆ ಭವಿಷ್ಯ ಇಲ್ಲ,” ಎಂದು ನಗುತ್ತಾರೆ.

ಇಷ್ಟು ವರ್ಷ ಕೊಳೆಯನ್ನು ನೋಡಿ ನೋಡಿ ಅವರಿಗೆ ಬಟ್ಟೆ ಓದಲು ಬರುತ್ತದೆ. ಇದು ಅವರ ಹೆಮ್ಮೆ. “ಹೊಸ ಹುಡುಗೀರ ದಿಂಬಿನ ಚೀಲ ಮೊದಲನೇ ತಿಂಗಳು ಉಪ್ಪುಪ್ಪಗಿರುತ್ತೆ. ಎರಡನೇ ತಿಂಗಳು ಬರೀ ತಲೆಗೆ ಹಚ್ಚಿದ ಎಣ್ಣೆ. ಆಗ, ಸರಿ, ಇವಳು ಒಗ್ಗಿಕೊಂಡಳು ಅಂತ.” ಯಾರು ಬಲಮಗ್ಗುಲಿಗೆ ಮಲಗುತ್ತಾರೆ, ಯಾರು ಊಟ ಬಿಟ್ಟಿದ್ದಾರೆ, ಯಾರು ತರಗತಿಗೆ ಹೋಗದೆ ಹುಲ್ಲಿನ ಮೇಲೆ ಹೊರಳಾಡಿದ್ದಾರೆ, ಎಲ್ಲ ಅವರಿಗೆ ಗೊತ್ತು. ಮನೆಯವರೇ ಇವರಿಗೆ ಹೆದರುತ್ತಾರೆ. ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವರು. ಮದುವೆಯಾದ ಎರಡನೇ ವರ್ಷದಿಂದ ತಮ್ಮ ಅಂಗಿ ತಾವೇ ಒಗೆದುಕೊಳ್ಳುತ್ತಾರೆ. “ನಮ್ಮವಳ ಕೈಗೆ ಕೊಟ್ಟರೆ ಅದು ಅಂಗಿ ಅಲ್ಲ ಸ್ವಾಮಿ, ಸಾಕ್ಷಿ,” ಎನ್ನುತ್ತಾರೆ ಅವರು. ಮಗಳು ಮದುವೆಯಾದ ಮೇಲೆ ಅಮ್ಮನಿಗೆ ಹಾಕಿದ ಷರತ್ತು ಒಂದೇ: ನಮ್ಮ ಮನೆಗೆ ಬಾ, ಎಷ್ಟು ದಿನ ಬೇಕಾದರೂ ಇರು, ಅಳಿಯನ ಶರ್ಟು ಮಾತ್ರ ಮುಟ್ಟಬೇಡ.

ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ನೆಲಮಾಳಿಗೆಯಲ್ಲಿ ನಾಟಕ ಶುರುವಾಗುತ್ತದೆ. ಹದಿನೆಂಟು ವರ್ಷ ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದರೆ ಅದು ತಾನಾಗಿಯೇ ಬೀರು ಸೇರುತ್ತದೆ ಎಂದು ನಂಬಿಕೊಂಡು ಬೆಳೆದವರು ಇವರು. ಒಬ್ಬಳು ಇಪ್ಪತ್ಮೂರು ದಿನ ಎಲ್ಲವನ್ನೂ ಮಂಚದ ಕೆಳಗೆ ತುರುಕಿಟ್ಟಿದ್ದಳು. ಜೊತೆಗಿದ್ದವಳು ಇಲಿ ಸತ್ತಿದೆ ಎಂದು ದೂರು ಕೊಟ್ಟಳು. ಒಬ್ಬಳು ಅಂಗಿಯನ್ನು ಒಳಗಿನದು ಹೊರಗೆ ಮಾಡಿ ಎರಡನೇ ದಿನ ಹಾಕಿಕೊಂಡು, ಅರ್ಧ ಒಗೆತ ಉಳಿಸಿದೆ ಎಂದುಕೊಂಡಿದ್ದಳು. ಇನ್ನೊಬ್ಬಳು ತಿಂಗಳಿಗೊಮ್ಮೆ ಒಂದು ಸೂಟ್‌ಕೇಸು ಕೊಳೆಬಟ್ಟೆಯನ್ನು ಹನ್ನೆರಡು ಗಂಟೆ ಬಸ್ಸಿನಲ್ಲಿ ಹೊತ್ತು ಅಮ್ಮನ ಹತ್ತಿರ ಒಯ್ಯುತ್ತಿದ್ದಳು. ನಂಬರಕ್ಕ ಇವರನ್ನೆಲ್ಲ ಬೈದು, ಕಟ್ಟೆಯ ಮುಂದೆ ನಿಲ್ಲಿಸಿಕೊಂಡು ಪಾಠ ಹೇಳುತ್ತಾರೆ. ಬಿಳಿಯದು ಬೇರೆ, ಬಣ್ಣದ್ದು ಬೇರೆ. ಉಣ್ಣೆಗೆ ಬಿಸಿನೀರು ತೋರಿಸಬೇಡ. ರಕ್ತದ ಕಲೆಗೆ ತಣ್ಣೀರು, ಎಣ್ಣೆಯ ಕಲೆಗೆ ಬಿಸಿನೀರು. ಒದ್ದೆ ಟವಲನ್ನು ಮಂಚದ ಮೇಲೆ ಬಿಸಾಡುವವಳಿಗೆ ಜನ್ಮದಲ್ಲಿ ಗಂಡ ಸಿಗಲ್ಲ.

ಹಿರಿಯ ಹುಡುಗಿಯರು ಸುಮ್ಮನಿರುತ್ತಾರೆಯೇ? ಮೊದಲ ವಾರವೇ ಹೊಸಬರನ್ನು ಸಾಲಾಗಿ ಕೂರಿಸಿ, ಮುಖ ಗಂಭೀರ ಮಾಡಿಕೊಂಡು ಹೇಳುತ್ತಾರೆ: “ಹುಷಾರು. ನಂಬರಕ್ಕ ಬಟ್ಟೆ ನೋಡಿ ಎಲ್ಲ ತಿಳ್ಕೋತಾರೆ. ವಾರ್ಡನ್‌ಗೆ ಹೇಳ್ತಾರೆ. ತಿಂಗಳಿಗೊಂದು ಪತ್ರ ನಿಮ್ಮ ಮನೆಗೂ ಹೋಗುತ್ತೆ.” ಹೊಸಬರು ಹತ್ತು ದಿನ ನಡುಗಿ, ಆಮೇಲೆ ತಮಾಷೆ ಎಂದು ಗೊತ್ತಾಗಿ ತಾವೂ ನಗುತ್ತಾರೆ. ಕೇಳಿಸಿಕೊಂಡ ನಂಬರಕ್ಕನೂ ಬೇಡ ಎನ್ನುತ್ತಿರಲಿಲ್ಲ. ಹುಡುಗಿಯರು ತಮಗೆ ಹೆದರುವುದು ಅವರಿಗೆ ಒಳಗೊಳಗೇ ಹಿತವಾಗಿತ್ತು.

ಆದರೆ ಅದು ಪೂರ್ತಿ ತಮಾಷೆಯಲ್ಲ. ಏಳು ವರ್ಷದ ಹಿಂದೆ ಒಂದು ಸಲ ನಂಬರಕ್ಕ ಬಾಯಿಬಿಟ್ಟಿದ್ದರು. ಒಬ್ಬಳ ಪ್ಯಾಂಟಿನ ಮಂಡಿಗೆ ಸುಣ್ಣ, ಪಾದದ ಮಡಿಕೆಗೆ ಮುಳ್ಳುಬೀಜ ಅಂಟಿತ್ತು. ಆಗಿನ ವಾರ್ಡನ್ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದವರು, “ಏನಮ್ಮ, ಬಟ್ಟೆ ನೋಡಿದರೆ ಎಲ್ಲ ಗೊತ್ತಾಗುತ್ತಂತೆ ನಿನಗೆ?” ಎಂದು ಕೆಣಕಿದರು. “ಗೊತ್ತಾಗದೆ ಏನು? ಇದು ಹಿಂದಿನ ಗೋಡೆ ಹಾರಿದ ಪ್ಯಾಂಟು,” ಎಂದುಬಿಟ್ಟರು ನಂಬರಕ್ಕ. ಎರಡನೇ ದಿನ ಆ ಹುಡುಗಿಯ ತಂದೆ ಬಂದು ಟ್ರಂಕು ಹೊತ್ತುಕೊಂಡು ಹೋದರು.

“ಯಾರೂ ನನಗೆ ಹೊಡೆದು ಕೇಳಲಿಲ್ಲ,” ಎನ್ನುತ್ತಾರೆ ನಂಬರಕ್ಕ. “ನಾನು ಜಾಣೆ ಅಂತ ತೋರಿಸಿಕೊಳ್ಳೋಕೆ ಹೇಳಿದೆ. ಅಷ್ಟೇ. ಅದರ ಮೇಲೆ ಯಾರಿಗೂ ಏನೂ ಹೇಳಿಲ್ಲ.”

ಈಗ ತೊಂಬತ್ತನೇ ನಂಬರಿನ ಹುಡುಗಿಯ ವಿಷಯ.

ಅವಳ ಮೇಲೆ ನಂಬರಕ್ಕನಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಬಟ್ಟೆಗೆ ನಂಬರು ಬರೆಸಿಕೊಳ್ಳಲು ಬಂದವಳು ಕೇಳಿದ ಮೊದಲ ಮಾತೇ, “ನೀವು ಗಂಟು ಬಿಚ್ಚಿ ನೋಡ್ತೀರಾ?” ಎಂದು. ಬಿಚ್ಚದೆ ಒಗೆಯುವುದು ಹೇಗೆ? “ಆ ಮಾತು ಕೇಳೋರು ಎರಡೇ ಥರ,” ಎನ್ನುತ್ತಾರೆ ನಂಬರಕ್ಕ. “ಕಳ್ಳರು, ಇಲ್ಲ ಪೊಲೀಸರು.” ಎರಡು ವಾರ ಅವಳು ಬರಲೇ ಇಲ್ಲ. ಮೂರನೇ ವಾರದಿಂದ ಬರತೊಡಗಿದಳು. ಯಾರೂ ಏಳುವ ಮೊದಲೇ, ಮುಖ ಆಚೆ ತಿರುಗಿಸಿಕೊಂಡು. ಗಂಟಿನಲ್ಲಿ ಸರಿಯಾಗಿ ಹನ್ನೊಂದು ಬಟ್ಟೆ. ಹನ್ನೊಂದೂ ಒಗೆದದ್ದು.

ನಂಬರಕ್ಕ ಹೆದರಲು ಕಾರಣವಿತ್ತು. ಆಫೀಸಿನಲ್ಲಿ ದೂರಿನ ಪುಸ್ತಕವೊಂದಿದೆ. ಒಬ್ಬ ಕೆಲಸಗಾರರ ಹೆಸರಿನ ಮುಂದೆ ಮೂರು ದೂರು ಬಿದ್ದರೆ ಮನೆಗೆ ಹೋಗಬೇಕು. ನಂಬರಕ್ಕನ ಹೆಸರಿನ ಮುಂದೆ ಎರಡಿದ್ದವು. ಮೊದಲನೆಯದು ಒಂದು ಪೆನ್ನಿನ ದೆಸೆಯಿಂದ: ಯಂತ್ರದೊಳಗೆ ಅದು ಒಡೆದು ಮೂವತ್ತೊಂದು ಅಂಗಿ ನೀಲಿಯಾದವು. ಎರಡನೆಯದು ಒಂದು ಸ್ವೆಟರು. ಕುಗ್ಗಿಹೋಗಿ ಗೊಂಬೆಗೆ ಹಾಕುವಷ್ಟಾಯಿತು, ಹುಡುಗಿಯ ಚಿಕ್ಕಪ್ಪ ಬಂದು ಅದನ್ನು ವಾರ್ಡನ್ ಮೇಜಿನ ಮೇಲೆ ಹರವಿ ಕೂಗಾಡಿದರು. ಅತ್ತ ಹೊರಗಿನ ಕಂಪನಿಯೊಂದು ದಿನಾ ವ್ಯಾನು ಕಳಿಸಿ ಬಟ್ಟೆ ಒಯ್ಯುತ್ತೇವೆ ಎಂದು ಆಫೀಸಿಗೆ ಎಡತಾಕುತ್ತಿತ್ತು. ನಂಬರಕ್ಕನನ್ನು ಕಳಿಸಲು ಬೇಕಾದದ್ದು ಇನ್ನೊಂದೇ ದೂರು.

ಅಡುಗೆಮನೆಯ ಉಗ್ರಾಣದವನಿಗೆ ಏನಾಯಿತೆಂದು ಎಲ್ಲರೂ ನೋಡಿದ್ದರು. ಬೇಕೆಂದೇ ತೂಕ ಕಡಿಮೆಯ ಮೂಟೆಯೊಂದನ್ನು ಆಫೀಸಿನವರು ಅವನಿಗೆ ಕಳಿಸಿದರು. ಅವನು ತೂಗದೆ ಸಹಿ ಹಾಕಿದ. ಸಂಜೆಗೆ ಕೆಲಸ ಹೋಯಿತು. ತಮ್ಮ ಕಡೆಯಿಂದ ಕೆಲಸಗಾರರಿಗೆ ಒಂದು ಕುರ್ಚಿ ಕಳಿಸಲಾರದ ಆಫೀಸಿಗೆ ಇಂಥದ್ದನ್ನು ಕಳಿಸಲು ಮಾತ್ರ ಪುರುಸೊತ್ತಿರುತ್ತದೆ. ಹಾಗಾಗಿ ನಂಬರಕ್ಕ ಲೆಕ್ಕ ಹಾಕಿದರು: ಇದು ನನಗೆ ಬಂದ ಮೂಟೆ. ಒಗೆದದ್ದನ್ನು ಕೊಟ್ಟು, ನಾನು ಒಗೆಯುತ್ತೇನೋ ಇಲ್ಲ ಹಾಗೇ ಇಸ್ತ್ರಿ ಹೊಡೆದು ಕೊಡುತ್ತೇನೋ ನೋಡುತ್ತಿದ್ದಾರೆ.

ಇಷ್ಟು ಯೋಚಿಸಿದವರು ಅದನ್ನು ಮತ್ತೊಮ್ಮೆ ಒಗೆದು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಎರಡು ವಾರ ಹಾಗೇ ಮಾಡಿದ್ದರು ಕೂಡ. ಆದರೆ ಆ ಬೆಳಗಿನ ಜಗಳದಲ್ಲಿ “ಮೂಸೋದಲ್ಲ” ಎಂಬ ಮಾತು ನಾಟಿತ್ತು. ಸಿಟ್ಟು ನೆತ್ತಿಗೇರಿದಾಗ ಬುದ್ಧಿ ಮೊಣಕಾಲಿಗಿಳಿಯುತ್ತದಲ್ಲ, ಹಾಗಾಯಿತು. ಪರೀಕ್ಷೆ ಮಾಡುವವಳನ್ನೇ ಪರೀಕ್ಷೆ ಮಾಡುತ್ತೇನೆ ಎಂದು ಹೊರಟರು. ಒಗೆಯದೆ ಕೊಡುವುದು, ಆಫೀಸಿನಿಂದ ಕರೆ ಬರುತ್ತದೋ ನೋಡುವುದು. ಬಂದರೆ ಇವಳು ಅವರ ಕಡೆಯವಳು, ಖಾತ್ರಿ.

“ಎಂಥಾ ಪೆದ್ದು ಕೆಲಸ ನೋಡಿ,” ಎನ್ನುತ್ತಾರೆ ಈಗ. “ಅವಳು ಆಫೀಸಿನವಳಾಗಿದ್ದರೆ ನಾನೇ ಹೋಗಿ ಬಲೆಗೆ ಬಿದ್ದಂಗೆ. ಆಗ ಹೊಳೀಲಿಲ್ಲ.”

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತೊಂಬತ್ತನೇ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. ದಿನದ ಗಂಟುಗಳ ಲೆಕ್ಕದ ಪುಸ್ತಕದಲ್ಲಿ ತೊಂಬತ್ತರ ಮುಂದೆ ‘ಒಗೆದಾಯಿತು’ ಎಂದು ಗೀಟು ಎಳೆದರು. ಮೊದಲ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟದ್ದೇ ತಡ, ಅದರಡಿಯಿಂದ ಒಂದು ವಾಸನೆ ಎದ್ದಿತು. ನಂಬರಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಬಗ್ಗಿ ಮೂಸಿದರು. ಎರಡನೇ ಅಂಗಿಗೆ ಇಟ್ಟರು. ಅದೇ. ಮೂರನೆಯದಕ್ಕೂ ಅದೇ.

ಕರಿದ ಎಣ್ಣೆ. ಮನೆಯ ಬಾಣಲೆಯದಲ್ಲ, ಅದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸುವ ಹೋಟೆಲಿನ ದೊಡ್ಡ ಬಾಣಲೆಯದು. ಮೈಸೋಪು ಹಚ್ಚಿ ತಣ್ಣೀರಿನಲ್ಲಿ ಎಷ್ಟು ತಿಕ್ಕಿದರೂ ಅದು ನೂಲಿನ ಹೊಟ್ಟೆಯಲ್ಲಿ ಅವಿತು ಕೂರುತ್ತದೆ, ಶಾಖ ತಗುಲಿದರೆ ಮಾತ್ರ ಹೊರಗೆ ಬರುತ್ತದೆ. ಎರಡು ವಾರ ಬಿಸಿನೀರಿನಲ್ಲಿ ತಾವೇ ಒಗೆದಿದ್ದರಿಂದ ಇಸ್ತ್ರಿಯ ಹೊತ್ತಿಗೆ ಅದು ಹೋಗಿಬಿಟ್ಟಿರುತ್ತಿತ್ತು. ಇವತ್ತು ಒಗೆಯದಿದ್ದರಿಂದ ಗೊತ್ತಾಯಿತು. ತೋಳಿನ ತುದಿಯನ್ನು ಬೆಳಕಿಗೆ ಹಿಡಿದರು. ಸಾಸಿವೆಯಷ್ಟು ಗಾತ್ರದ ಸುಟ್ಟ ಚುಕ್ಕೆಗಳು, ಬಲತೋಳಿನಲ್ಲಿ ಮಾತ್ರ. ಎಣ್ಣೆ ಸಿಡಿದದ್ದು.

ಹುಡುಗಿ ದಿನಾ ಎಲ್ಲೋ ಬಾಣಲೆಯ ಮುಂದೆ ನಿಂತು ಬರುತ್ತಾಳೆ. ಹಾಸ್ಟೆಲಿನಲ್ಲಿರುವವರು ಹೊರಗೆ ಕೆಲಸಕ್ಕೆ ಹೋಗುವಂತಿಲ್ಲ; ಸಿಕ್ಕಿಬಿದ್ದರೆ ರೂಮು ಹೋಗುತ್ತದೆ. ಅದಕ್ಕೇ ಸ್ನಾನದ ಮನೆಯಲ್ಲಿ ಕದ್ದು ಒಗೆದುಕೊಳ್ಳುತ್ತಾಳೆ. ಆದರೆ ಗಂಟು ಕೊಡದೇ ಇದ್ದರೂ ಅನುಮಾನ ಬರುತ್ತದಲ್ಲ. ಎಲ್ಲರ ಹಾಗೆ ಕಾಣಲು ವಾರಕ್ಕೊಮ್ಮೆ ತಂದು ಕೊಡುತ್ತಾಳೆ. ಉಳಿದವರು ನಗಾಡಿ ಮರೆತ ತಮಾಷೆಯನ್ನು ಇವಳೊಬ್ಬಳು ನಗದೆ ಕೇಳಿಸಿಕೊಂಡಿದ್ದಳು.

“ಅಯ್ಯೋ ಪೆದ್ದಿ,” ಎಂದರು ನಂಬರಕ್ಕ, ಬಟ್ಟೆಗೆ. ಹನ್ನೊಂದನ್ನೂ ಒಟ್ಟುಮಾಡಿ ಬಿಸಿನೀರಿಗೆ ಹಾಕಲು ತಿರುಗಿದರು. ಬಾಗಿಲಲ್ಲಿ ವಾರ್ಡನ್ ನಿಂತಿದ್ದರು.

“ಬೆಳಗ್ಗೆ ನಿಮ್ಮಿಬ್ಬರ ಕಿರುಚಾಟಕ್ಕೆ ಅರ್ಧ ಹಾಸ್ಟೆಲ್ ಎದ್ದಿದೆ. ತೊಂಬತ್ತು ಅಂತ ಕೂಗಿದೆಯಂತೆ. ಇದೇನಾ ಅವಳ ಬಟ್ಟೆ?” ವಾರ್ಡನ್ ಒಂದು ಅಂಗಿ ಮುಟ್ಟಿದರು, ಪುಸ್ತಕದ ಗೀಟು ನೋಡಿದರು, ಬಾಯಿ ತೆರೆದಿದ್ದ ಯಂತ್ರದ ಕಡೆ ನೋಡಿದರು. “ಒಗೆದಾಯಿತು ಅಂತ ಬರೆದಿದೀಯ. ಈಗ ಒಗೆಯೋಕೆ ಹಾಕ್ತಿದೀಯ. ನಾಲ್ಕು ಗಂಟೆಗೆ ಆಫೀಸಿಗೆ ಬಾ. ಅವಳನ್ನೂ ಕರೆಸ್ತೀನಿ.”

ವಾರ್ಡನ್‌ಗೆ ಮೂವತ್ತೈದು ವರ್ಷ. ತಾಯಿಯ ವಯಸ್ಸಿನವರನ್ನು ಏಕವಚನದಲ್ಲಿ ಮಾತಾಡಿಸುವುದು ಆ ಆಫೀಸಿನಲ್ಲಿ ಸಂಬಳದ ಜೊತೆಗೇ ಬರುವ ಅಭ್ಯಾಸ.

ನಾಲ್ಕಕ್ಕೆ ಆಫೀಸಿನಲ್ಲಿ ಮೂವರು. ದೂರಿನ ಪುಸ್ತಕ ತೆರೆದಿತ್ತು. ಹುಡುಗಿ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಕೆಲಸಕ್ಕೆ ಹೊರಡುವ ಹೊತ್ತಾಗುತ್ತಿದೆ ಎಂದು ನಂಬರಕ್ಕನಿಗೆ ಮಾತ್ರ ಅರ್ಥವಾಯಿತು.

“ಇವಳ ಬಟ್ಟೆ ಒಗೆದೆಯಾ?”

“ಇಲ್ಲ ಮೇಡಂ.”

“ಮತ್ತೆ ಲೆಕ್ಕದ ಪುಸ್ತಕದಲ್ಲಿ?”

“ಸುಳ್ಳು ಬರೆದೆ.”

“ಯಾಕೆ?”

ನಂಬರಕ್ಕ ನೆಟ್ಟಗಿನ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

ವಾರ್ಡನ್ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ದನಿ ಮೆತ್ತಗಾಯಿತು. “ನೋಡು, ನನಗೂ ನಿನ್ನ ಕಳಿಸೋಕೆ ಇಷ್ಟ ಇಲ್ಲ. ಈ ಹುಡುಗಿ ದಿನಾ ನಾಲ್ಕೂವರೆಗೆ ಹೋಗಿ ಎಂಟಕ್ಕೆ ಬರ್ತಾಳೆ. ಕೇಳಿದರೆ ಲೈಬ್ರರಿ ಅಂತಾಳೆ. ಲೈಬ್ರರಿ ಪುಸ್ತಕದಲ್ಲಿ ಒಂದು ದಿನವೂ ಇವಳ ಸಹಿ ಇಲ್ಲ. ನಿನಗೆ ಬಟ್ಟೆ ನೋಡಿದರೆ ಗೊತ್ತಾಗುತ್ತಲ್ಲ? ಗೋಡೆ ಹಾರಿದವಳನ್ನ ಹಿಡಿದುಕೊಟ್ಟವಳು ನೀನೇ ಅಂತ ಕಡತದಲ್ಲಿದೆ. ಎಲ್ಲಿಗೆ ಹೋಗ್ತಾಳೆ ಹೇಳು. ನಾನು ಈ ಪುಸ್ತಕ ಮುಚ್ಚಿಡ್ತೀನಿ.”

ಹುಡುಗಿ ಗಡಿಯಾರ ಬಿಟ್ಟು ನಂಬರಕ್ಕನನ್ನು ನೋಡಿದಳು.

ಹತ್ತೊಂಬತ್ತು ವರ್ಷ. ಐವತ್ತಾರನೇ ವಯಸ್ಸಿನಲ್ಲಿ ಮಡಚದ ಬೆರಳು, ಊದಿದ ಮಂಡಿ ಇಟ್ಟುಕೊಂಡವರಿಗೆ ಹೊಸ ಕೆಲಸ ಕೊಡುವವರು ಯಾರು? ನಂಬರಕ್ಕ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡರು.

“ಒಗೆದ ಬಟ್ಟೆ ಮೇಡಂ ಅದು. ಅದರಲ್ಲಿ ಏನು ಕಾಣುತ್ತೆ? ನನಗೇನೂ ಗೊತ್ತಾಗಲಿಲ್ಲ.”

“ಮೂಗಿಗೂ?”

“ವಯಸ್ಸಾಯ್ತು. ಮೂಗು ಹೋಗಿದೆ. ನೀವು ದೂರು ಬರೆದುಕೊಳ್ಳಿ.”

ವಾರ್ಡನ್ ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಮೂರನೇ ದೂರಿನ ಮೊದಲ ಸಾಲು ಅರ್ಧವಾಗಿರಬೇಕು, ಹುಡುಗಿ ಬಾಯಿಬಿಟ್ಟಳು. ಮಾತಾಡಿದ್ದು ವಾರ್ಡನ್ ಜೊತೆಗಲ್ಲ, ನಂಬರಕ್ಕನ ಜೊತೆಗೆ.

“ನಿಮಗೆ ಗೊತ್ತಾಗಿದೆ.”

“ಏನಮ್ಮ?”

“ಗೊತ್ತಾಗಿದೆ. ನಿಮ್ಮ ಮುಖ ನೋಡಿದರೆ ತಿಳಿಯುತ್ತೆ. ಬೆಳಗ್ಗೆ ನನ್ನ ಕಚ್ಚಿ ತಿನ್ನೋ ಹಾಗೆ ನೋಡಿದವರು ಈಗ ಪಾಪ ಅಂತ ನೋಡ್ತಿದೀರ. ಈಗ ಹೇಳಲ್ಲ, ಯಾಕಂದ್ರೆ ನಾನು ಎದುರಿಗಿದೀನಿ. ನಾಳೆ ಕೆಲಸ ಬೇಕು ಅನ್ನಿಸಿದಾಗ ಬಂದು ಹೇಳ್ತೀರ. ಇಲ್ಲ ನಾಡಿದ್ದು. ಅಲ್ಲೀವರೆಗೆ ದಿನಾ ನಾನು ಎದೆ ಹಿಡಿದುಕೊಂಡು ಓಡಾಡಬೇಕಾ?”

“ಇಲ್ಲ ಕಣಮ್ಮ, ನಾನು...”

“ಗೋಡೆ ಹಾರಿದವಳಿಗೂ ಹಿಂಗೇ ಅಂದಿರ್ತೀರ.” ಹುಡುಗಿ ವಾರ್ಡನ್ ಕಡೆ ತಿರುಗಿದಳು. “ಬಸ್ ನಿಲ್ದಾಣದ ಹಿಂದೆ ಹೋಟೆಲಿದೆ ಮೇಡಂ. ಅಲ್ಲಿ ಕರಿಯೋ ಕೆಲಸ. ದಿನಾ ಮೂರು ಗಂಟೆ. ನಮ್ಮ ಮನೆಯಿಂದ ನನಗೇನೂ ಬರಲ್ಲ. ನಾನೇ ಒಗೆದು ಕೊಡ್ತಿದ್ದೆ. ಇವರಿಗೆ ಒಗೆಯೋಕೆ ಏನೂ ಉಳಿದಿರಲಿಲ್ಲ. ಬರೆಯೋದಾದರೆ ಇದನ್ನೂ ಬರೀರಿ.”

ವಾರ್ಡನ್ ಬರೆಯುವುದನ್ನು ನಿಲ್ಲಿಸಿದರು. “ನಿಯಮ ಗೊತ್ತಲ್ಲ? ಹೋಟೆಲು ಬಿಡು, ಇಲ್ಲ ರೂಮು ಬಿಡು.”

“ರೂಮು ಬಿಡ್ತೀನಿ. ಹೋಟೆಲಿನವರ ಮಹಡಿ ಮೇಲೆ ಕೆಲಸದ ಹುಡುಗೀರಿದ್ದಾರೆ, ಅಲ್ಲಿ ಜಾಗ ಇದೆ. ಕಾಲೇಜಿಗೆ ಅಲ್ಲಿಂದಲೇ ಬರ್ತೀನಿ. ಅಲ್ಲಿ ನನ್ನ ಬಟ್ಟೆ ಯಾರೂ ನೋಡಲ್ಲ.”

ಅರ್ಧ ಬರೆದಿದ್ದ ಸಾಲಿನ ಮೇಲೆ ವಾರ್ಡನ್ ಅಡ್ಡಗೀಟು ಎಳೆದು ಪುಸ್ತಕ ಮುಚ್ಚಿದರು. ತಮಗೆ ಬೇಕಾದದ್ದು ಸಿಕ್ಕಿತ್ತು. “ನೀನು ಹೋಗು, ಕೆಲಸ ನೋಡು,” ಎಂದರು ನಂಬರಕ್ಕನಿಗೆ. ಹತ್ತೊಂಬತ್ತು ವರ್ಷದ ಕೆಲಸ ಹಾಗೆ ಉಳಿಯಿತು.

ಬರೆದುಕೊಳ್ಳಲು ಹೋದ ನನಗೆ ನಂಬರಕ್ಕ ಈ ಕಥೆಯನ್ನು ಬೋರಲು ಬಕೆಟ್ಟಿನ ಮೇಲೆ ಕೂತು, ಜೇಬು ತಿರುವಿ ಹಾಕುತ್ತಲೇ ಹೇಳುತ್ತಾರೆ. ಹಿರಿಯ ಹುಡುಗಿಯರು ಮರುವರ್ಷವೂ ಹೊಸಬರಿಗೆ ಅದೇ ಮಾತು ಹೇಳಲು ಹೋದರು, ನಂಬರಕ್ಕ ಮೆಟ್ಟಿಲು ಹತ್ತಿ ಬಂದು, ಸಾಲಾಗಿ ಕೂತಿದ್ದವರ ಮುಂದೆ ನಿಂತು, “ಇವರು ಹೇಳೋದು ಸುಳ್ಳು. ಒಂದು ಸಲ ಹೇಳಿದ್ದೆ, ಅದು ನಿಜ. ಇನ್ನು ಹೇಳಲ್ಲ,” ಎಂದು ಬಂದರು. ಯಾರು ನಂಬಿದರು, ಯಾರು ಬಿಟ್ಟರು ಗೊತ್ತಿಲ್ಲ. ಹೊಸಬರ ಗಂಟಿನಲ್ಲಿ ಬೆವರಿದ್ದರೆ ಅವರಿಗೆ ಸಮಾಧಾನ.

“ಇದನ್ನ ಬರೀಬೇಡಿ ಅನ್ನಲ್ಲ,” ಎನ್ನುತ್ತಾರೆ. “ನಾನು ಒಗೆಯದೇ ಗೀಟು ಎಳೆದೆ ಅನ್ನೋದನ್ನೂ ಬರೀರಿ. ಆದರೆ ವಾರ್ಡನ್ ಕೇಳಿದಾಗ ನಾನು ಹೇಳಲಿಲ್ಲ. ಅದೊಂದನ್ನ ಬಿಡಬೇಡಿ.”

ಆ ಸಂಜೆ ಆಫೀಸಿನಿಂದ ಇಳಿದವರೇ ನಂಬರಕ್ಕ ಹನ್ನೊಂದು ಬಟ್ಟೆಯನ್ನೂ ಮಡಿಸಿ ಕಟ್ಟಿಕೊಂಡು ಮೆಟ್ಟಿಲ ಬುಡದಲ್ಲಿ ಕಾದು ನಿಂತರು. ಅರ್ಧ ಗಂಟೆಯಲ್ಲಿ ಹುಡುಗಿ ಒಂದು ಚೀಲ, ಒಂದು ಸುತ್ತಿದ ಹಾಸಿಗೆ ಹಿಡಿದು ಇಳಿದು ಬಂದಳು. ಗಂಟು ಇಸಿದುಕೊಂಡು ಚೀಲಕ್ಕೆ ತುರುಕಿದಳು. ಹಾಸಿಗೆ ಜಾರಿತು. ನಂಬರಕ್ಕ ಹಿಡಿಯಲು ಹೋದರು, ಅವಳು ಬಿಡಲಿಲ್ಲ.

“ಆ ಮಹಡಿ ಮೇಲೆ ಚಿಲಕ ಇದೆಯೇನಮ್ಮ ಬಾಗಿಲಿಗೆ? ರೂಮು ಯಾವ ಕಡೆಯದು?”

“ಅದನ್ನೂ ನಿಮಗೆ ಹೇಳಬೇಕಾ?”

ಹುಡುಗಿ ಹಾಸಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಾರಂಜಿಯ ಪಕ್ಕದಿಂದ ಹಾದು, ಗೇಟಿನ ಪುಸ್ತಕದಲ್ಲಿ ಸಹಿ ಹಾಕದೆ ಹೊರಗೆ ಹೋದಳು. ಕಾವಲಿನವನು ಕೂಗಿದ. ಅವಳು ತಿರುಗಲಿಲ್ಲ, ಆ ಹಾಸ್ಟೆಲಿಗೆ ಮತ್ತೆ ಬರಲೂ ಇಲ್ಲ.